ಹದಿನಾಲ್ಕು ಅಡಿಯ ದೋಣಿ, ಏಳು ಅಡಿಯ ಕೋಲು

ದೋಣಿ ಕೊಂಡ ಮೊದಲ ವರ್ಷ ನಾನು ಮೂರು ಗಾಳದ ಕೋಲು ಹಾಳು ಮಾಡಿಕೊಂಡೆ. ಒಂದರ ತುದಿಯ ಮೇಲೆ ಭಾವ ಕಾಲಿಟ್ಟರು. ಇನ್ನೊಂದು ಉಪ್ಪುನೀರಿನ ಅಂಚಿಗೆ ಬೆಳೆಯುವ ಕಾಂಡ್ಲಾ ಮರದ ಕೊಂಬೆಗೆ ಸಿಕ್ಕಿ ಮುರಿಯಿತು. ಮೂರನೆಯದು ಮಾತ್ರ ಮೀನಿನ ಕೆಲಸ. ಆದರೆ ಅದು ಮುರಿಯಲಿಲ್ಲ, ನೂಲು ಸುತ್ತುವ ರೀಲ್ ಸಮೇತ ಇಡೀ ಕೋಲೇ ನೀರಿಗೆ ಹೋಯಿತು. ಯಾವ ಮೀನು ಅಂತ ಇವತ್ತಿಗೂ ಗೊತ್ತಿಲ್ಲ. ಯಾರಾದರೂ ಕೇಳಿದರೆ ದೊಡ್ಡ ಮುರು ಮೀನು ಅನ್ನುತ್ತೇನೆ. ಒಳಗೊಳಗೆ ನನಗೆ ತಳದಲ್ಲಿ ಚಪ್ಪಟೆಯಾಗಿ ಮಲಗುವ ತೊರಕೆ ಮೀನಿನ ಮೇಲೆ ಅನುಮಾನ.

ಮೀನು ಹಿಡಿಯುವುದು ಹೇಗೆ ಅಂತ ಹೇಳಿಕೊಡುವವರು ಕುಂದಾಪುರದಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಯಾವ ಹೊತ್ತಿಗೆ ಹೋಗಬೇಕು, ಸಿಗಡಿಯನ್ನು ಗಾಳಕ್ಕೆ ಹೇಗೆ ಚುಚ್ಚಬೇಕು, ಇಳಿತ ಶುರುವಾದ ಮೇಲೆ ಎಲ್ಲಿ ನಿಲ್ಲಬೇಕು, ಎಲ್ಲ ಹೇಳುತ್ತಾರೆ. ಆದರೆ ಮೀನು ಹಿಡಿಯದೆ ಇರುವಾಗ ಕೋಲನ್ನು ಎಲ್ಲಿ ಇಡಬೇಕು ಅಂತ ಯಾರೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ನಾವು ಐದು ಗಂಟೆ ನೀರಿನ ಮೇಲೆ ಇದ್ದರೆ ಕೋಲು ಕೈಯಲ್ಲಿ ಇರುವುದು ಹೆಚ್ಚೆಂದರೆ ಎರಡು ಗಂಟೆ. ಉಳಿದ ಮೂರು ಗಂಟೆ ಅದು ಎಲ್ಲೋ ಇರಬೇಕು. ನನ್ನ ಮೂರು ಕೋಲೂ ಹೋಗಿದ್ದು ಈ ಮೂರು ಗಂಟೆಯಲ್ಲೇ.

ಬಾಟಲಿಗೆ ಸುತ್ತಿದ ನೂಲು

ಗಂಗೊಳ್ಳಿ ಕಡೆಯಿಂದ ಪುಟ್ಟ ದೋಣಿಯಲ್ಲಿ ಬಂದು ಗಾಳ ಹಾಕುವ ಹಿರಿಯರನ್ನು ನಾನು ತುಂಬಾ ದಿನ ಸುಮ್ನೆ ನೋಡಿದ್ದೇನೆ. ಅವರ ಬಳಿ ಕೋಲೇ ಇಲ್ಲ. ಒಂದು ಪ್ಲಾಸ್ಟಿಕ್ ಬಾಟಲಿ, ಇಲ್ಲವೇ ಅಂಗೈ ಅಗಲದ ಮರದ ತುಂಡು, ಅದಕ್ಕೆ ಸುತ್ತಿದ ನೂಲು, ತುದಿಗೆ ಸೀಸದ ಗುಂಡು ಮತ್ತು ಗಾಳ. ಕೆಲಸ ಮುಗಿದರೆ ನೂಲು ಸುತ್ತಿ, ಗಾಳವನ್ನು ಬಾಟಲಿಯ ನೂಲಿಗೇ ಸಿಕ್ಕಿಸಿ, ಅಡ್ಡಹಲಗೆಯ ಕೆಳಗೆ ಎಸೆಯುತ್ತಾರೆ. ಮುರಿಯುವುದಿಲ್ಲ, ತುಳಿದರೂ ಏನೂ ಆಗುವುದಿಲ್ಲ, ನೀರಿಗೆ ಬಿದ್ದರೆ ತೇಲುತ್ತದೆ. ಮೀನು ಕಚ್ಚಿದ್ದು ನೇರ ಬೆರಳಿಗೇ ಗೊತ್ತಾಗುತ್ತದೆ. ಅವರು ದಿನಕ್ಕೆ ಹಿಡಿಯುವ ಕಾಣೆ ಮೀನಿನ ಲೆಕ್ಕ ಹೇಳಿದರೆ ನನ್ನ ಮಾನ ಹೋಗುತ್ತದೆ, ಬಿಡಿ.

ಅಂದರೆ ಈ ಸಮಸ್ಯೆ ಮೀನು ಹಿಡಿಯುವವರದ್ದಲ್ಲ, ನನ್ನಂಥ ಕೋಲಿನವರದ್ದು. ದೂರಕ್ಕೆ ಎಸೆಯಬೇಕು, ಕೃತಕ ಮೀನನ್ನು ನೀರಲ್ಲಿ ಕುಣಿಸಬೇಕು, ದೊಡ್ಡ ಮೀನು ಎಳೆದರೆ ಕೋಲು ಬಾಗಿ ಅದನ್ನು ದಣಿಸಬೇಕು. ಈ ಆಸೆಗೆ ಏಳು ಅಡಿ ಉದ್ದ ಬೇಕು. ನಮ್ಮ ದೋಣಿ ಹದಿನಾಲ್ಕು ಅಡಿ. ಅಂದರೆ ಒಂದೊಂದು ಕೋಲೂ ದೋಣಿಯ ಅರ್ಧದಷ್ಟು ಉದ್ದ. ಅಂಥವು ನಾಲ್ಕು. ಅವುಗಳ ಮಧ್ಯೆ ಇಬ್ಬರು ಗಂಡಸರು, ಕೆಲವೊಮ್ಮೆ ನನ್ನ ಮಗಳು, ಪೆಟ್ರೋಲ್ ಕ್ಯಾನು, ಹುಟ್ಟು, ಐಸ್ ಪೆಟ್ಟಿಗೆ, ಲಂಗರು, ಚಹಾದ ಫ್ಲಾಸ್ಕು.

ಕಾವೇರಿಯ ಹರಿಗೋಲಿನಲ್ಲಿ ಇದು ಇನ್ನೂ ಕಷ್ಟ. ಒಮ್ಮೆ ಹೊಳೆ ದಾಟುವಾಗ ನಾನು ಅದರಲ್ಲಿ ಕೋಲು ಹಿಡಿದು ಕೂತಿದ್ದೆ. ದುಂಡಗಿನ ದೋಣಿಯಲ್ಲಿ ಉದ್ದದ ವಸ್ತುವಿಗೆ ಮೂಲೆಯೇ ಇಲ್ಲ. ಎಲ್ಲಿಟ್ಟರೂ ಒಂದು ತುದಿ ಹೊರಗೆ ಚಾಚುತ್ತದೆ, ಹರಿಗೋಲು ತಿರುಗಿದಾಗ ಅದೂ ತಿರುಗುತ್ತದೆ. ಮಹಶೀರ್ ಹಿಡಿಯಲು ದಪ್ಪ ಕೋಲು ಹೊತ್ತು ಆ ಹೊಳೆಗಳಿಗೆ ಇಳಿದವರ ಕಥೆಗಳಲ್ಲಿ ಮೀನಿನ ತೂಕ ಮಾತ್ರ ಇರುತ್ತದೆ. 1946ರಲ್ಲಿ ಕಬಿನಿಯಲ್ಲಿ ಸಿಕ್ಕ 120 ಪೌಂಡಿನ ಮಹಶೀರ್ ಬಗ್ಗೆ ಕೋಲು ಹಿಡಿದವರೆಲ್ಲ ಇನ್ನೂ ಮಾತಾಡುತ್ತಾರೆ. ಹರಿಗೋಲಿನಲ್ಲಿ ಕೋಲು ಎಲ್ಲಿಟ್ಟುಕೊಳ್ಳುತ್ತಿದ್ದರು ಅಂತ ಒಬ್ಬರಾದರೂ ಹೇಳಬಾರದಾ?

ಪೈಪಿನ ಕಾಲ

ನನ್ನ ಮೊದಲ ಉಪಾಯ ಎಲ್ಲರದ್ದೂ ಆದ ಉಪಾಯ, ಪಿವಿಸಿ ಪೈಪು. ಮನೆಯ ನೀರಿನ ಕೆಲಸ ಮುಗಿದು ಉಳಿದ 50 ಮಿಲಿಮೀಟರ್ ಪೈಪು ಇತ್ತು. ಒಂದೊಂದು ಅಡಿಗೆ ಕತ್ತರಿಸಿದೆ. ಬಾಯಿಯನ್ನು ಸ್ಟವ್ ಮೇಲೆ ಬಿಸಿ ಮಾಡಿ, ಗಾಜಿನ ಬಾಟಲಿ ಒತ್ತಿ ಅಗಲ ಮಾಡಿದೆ. ರೀಲಿನ ಕಾಲು ಕೂರಲು ಒಂದು ಸೀಳು ಕೊಯ್ದೆ. ಅಡುಗೆಮನೆಯಲ್ಲಿ ಹಬ್ಬಿದ ವಾಸನೆಗೆ ಮನೆಯವಳು ಏನು ಹೇಳಿದಳು ಅಂತ ಇಲ್ಲಿ ಬರೆಯುವುದಿಲ್ಲ. ನಾಲ್ಕು ಪೈಪನ್ನು ಹಿಂದಿನ ಅಡ್ಡಹಲಗೆಗೆ ಸಾಲಾಗಿ ನಿಲ್ಲಿಸಿ ಪ್ಲಾಸ್ಟಿಕ್ ಟೈ ಹಾಕಿ ಬಿಗಿದೆ. ನಾಲ್ಕು ಕೋಲು ಆಕಾಶಕ್ಕೆ ಮುಖ ಮಾಡಿ ನಿಂತವು. ದೊಡ್ಡ ಬೋಟುಗಳ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದು ಮಿನ್ನೆಸೋಟಾದಲ್ಲಿರುವ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ಅವನು ತನ್ನ ಅಲ್ಯೂಮಿನಿಯಂ ದೋಣಿಯ ಫೋಟೋ ವಾಪಸ್ ಕಳಿಸಿದ. ಅದರ ನೆಲದ ಕೆಳಗೇ ಕೋಲಿಗಾಗಿ ಬೀಗ ಹಾಕುವ ಗೂಡು, ಗೂಡಿನ ಒಳಗೆ ಒಂದೊಂದು ಕೋಲಿಗೂ ಒಂದೊಂದು ಕೊಳವೆ. ನಾನು ಉತ್ತರ ಬರೆಯಲಿಲ್ಲ.

ಎರಡನೇ ವಾರವೇ ಕಾಂಡ್ಲಾ ಕೊಂಬೆ ಒಂದನ್ನು ತೆಗೆದುಕೊಂಡಿತು. ನಾವು ಸಣ್ಣ ಕಾಲುವೆಗೆ ನುಗ್ಗುತ್ತಿದ್ದೆವು. ಕಣ್ಣು ಮುಂದೆ ಇತ್ತು, ತಲೆ ಬಗ್ಗಿಸಿದೆವು. ತಲೆಯ ಮೇಲೆ ಇನ್ನೂ ನಾಲ್ಕಡಿ ಎತ್ತರ ಇದೆ ಅಂತ ಇಬ್ಬರಿಗೂ ನೆನಪೇ ಆಗಲಿಲ್ಲ. ಟಕ್ ಅಂತ ಒಂದು ಶಬ್ದ, ಅಷ್ಟೆ. ಕಾರ್ಬನ್ ಕೋಲಿನ ಸ್ವಭಾವವೇ ಹಾಗೆ. ಮೀನು ಎಳೆದಾಗ ಬಿಲ್ಲಿನ ಹಾಗೆ ಬಾಗುವ ಅದೇ ಕೋಲು ಪಕ್ಕದಿಂದ ಒಂದು ಏಟು ಬಿದ್ದರೆ ಒಣ ಕಡ್ಡಿ. ಒಳಗೆ ಟೊಳ್ಳು ಇರುವ ತೆಳು ಕೊಳವೆ ಅದು. ಸಣ್ಣ ಗೀರು ಬಿದ್ದರೂ ಸಾಕು. ಆಗ ಏನೂ ಆಗುವುದಿಲ್ಲ, ತಿಂಗಳ ನಂತರ ಒಳ್ಳೆ ಮೀನು ಬಿದ್ದ ದಿನ ಸರಿಯಾಗಿ ಅಲ್ಲೇ ಮುರಿಯುತ್ತದೆ. ಆಗ ನಾವು ಮೀನನ್ನು ಬೈಯುತ್ತೇವೆ, ಇಲ್ಲಾ ಕಂಪನಿಯನ್ನು ಬೈಯುತ್ತೇವೆ.

ಇನ್ನೊಂದು ವಿಷಯ ಆಮೇಲೆ ತಿಳಿದು ಮೈ ಜುಮ್ಮೆಂದಿತು. ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ. ಹೊಳೆ ದಾಟುವ ವಿದ್ಯುತ್ ತಂತಿಯ ಕೆಳಗೆ, ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಮೊಳಗುವಾಗ, ಬಟ್ಟಬಯಲಿನಂಥ ನೀರಿನ ಮಧ್ಯೆ ನಾಲ್ಕು ಕಾರ್ಬನ್ ಕೋಲು ನಿಲ್ಲಿಸಿಕೊಂಡು ನಾವು ಚಹಾ ಕುಡಿದಿದ್ದೇವೆ.

ಡಿಸೆಂಬರಿನ ಒಂದು ಬೆಳಿಗ್ಗೆ ಮೂರನೆಯದು ಹೋಯಿತು. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಖೇಟಾ ಐದೂ ಹೊಳೆ ಸೇರಿ ಕಡಲಿಗೆ ಬೀಳುವ ಜಾಗದ ಒಳಗಡೆ, ಎಂಜಿನ್ ನಿಧಾನಕ್ಕೆ ಓಡಿಸುತ್ತಾ ಒಂದು ಕೃತಕ ಮೀನನ್ನು ಹಿಂದೆ ಎಳೆಯುತ್ತಿದ್ದೆವು. ಕೋಲು ಪೈಪಿನಲ್ಲಿತ್ತು. ನಾನು ಚಹಾ ಬಗ್ಗಿಸುತ್ತಿದ್ದೆ. ಹಿಂದಿನ ವಾರ ಕಾರಿನಲ್ಲಿ ತರುವಾಗ ಗಾಳ ಅಲುಗಾಡದಿರಲಿ ಅಂತ ಅದನ್ನು ಉಂಗುರಕ್ಕೆ ಸಿಕ್ಕಿಸಿ, ರೀಲಿನ ಡ್ರ್ಯಾಗ್, ಅಂದರೆ ಎಷ್ಟು ಎಳೆದರೆ ನೂಲು ಬಿಚ್ಚಿಕೊಳ್ಳಬೇಕು ಅಂತ ಹೊಂದಿಸುವ ತಿರುಪು, ಪೂರ್ತಿ ಬಿಗಿ ಮಾಡಿದ್ದೆ. ಸಡಿಲ ಮಾಡಲು ಮರೆತಿದ್ದೆ. ಮೀನು ಎಳೆದಾಗ ನೂಲು ಬಿಚ್ಚಿಕೊಳ್ಳಬೇಕಿತ್ತು. ಬಿಚ್ಚಲಿಲ್ಲ. ಎಳೆತ ಪೂರ್ತಿ ಕೋಲಿಗೆ ಬಂತು, ಕೋಲಿನಿಂದ ಪೈಪಿಗೆ, ಪೈಪಿನಿಂದ ಎರಡು ರೂಪಾಯಿಯ ಪ್ಲಾಸ್ಟಿಕ್ ಟೈಗೆ. ಚಟ್ ಅಂತ ಕೇಳಿಸಿ ತಿರುಗುವಷ್ಟರಲ್ಲಿ ಪೈಪು ವಾಲಿ ಕೋಲು ಜಾರಿತ್ತು. ಅದು ಮುಳುಗಲಿಲ್ಲ, ಮೊದಲು ಸ್ವಲ್ಪ ದೂರ ನೀರಿನ ಮೇಲೆ ಹಾವಿನ ಹಾಗೆ ಓಡಿತು. ಆಮೇಲೆ ಇಲ್ಲ.

"ಭಾವ, ಕೋಲ್ ಹೋಯ್ತ್," ಅಂದರು ಭಾವ. ಬಸ್ಸು ಹೋಯಿತು ಅನ್ನುವ ಹಾಗೆ.

ಲಂಗರಿಗೆ ಕೊಕ್ಕೆ ಕಟ್ಟಿ ಒಂದು ಗಂಟೆ ತಳ ಕೆರೆದೆವು. ಒಂದು ಹರಿದ ಬಲೆ ಸಿಕ್ಕಿತು, ಒಂದು ಚಪ್ಪಲಿ ಸಿಕ್ಕಿತು. ಇಳಿತ ಜೋರಾಗಿತ್ತು. ಮನೆಗೆ ಬಂದೆವು.

ದೋಟಿ

ಆ ರಾತ್ರಿ ನಿದ್ದೆ ಬರಲಿಲ್ಲ. ಕೋಲಿನ ದುಡ್ಡಿನ ಚಿಂತೆ ಇತ್ತು, ನಿಜ. ಆದರೆ ನೆನಪಾಗಿದ್ದು ಅಜ್ಜನ ಮನೆಯ ದೋಟಿ. ಅಡಿಕೆ ಕೊಯ್ಯುವ ಉದ್ದನೆಯ ಬಿದಿರಿನ ದೋಟಿ ಅದು. ನಾನು ಆರನೇ ಕ್ಲಾಸೋ ಏಳನೇ ಕ್ಲಾಸೋ. ಮಾವಿನಕಾಯಿ ಕೀಳಲು ಅದನ್ನು ತಂದು, ಕೆಲಸ ಮುಗಿದ ಮೇಲೆ ಅಂಗಳದ ಗೋಡೆಗೆ ಒರಗಿಸಿ ಆಡಲು ಓಡಿದ್ದೆ. ಗಾಳಿಗೆ ಅದು ಜಾರಿ, ಒಣಹಾಕಿದ್ದ ಹಪ್ಪಳದ ಚಾಪೆಯ ಮೇಲೆ ಬಿತ್ತು. ಅಜ್ಜಿ ಹಪ್ಪಳಕ್ಕೆ ಬೈದಳು. ಅಜ್ಜ ದೋಟಿಗೆ ಬೈದರು. ಅವರ ಮನೆಯಲ್ಲಿ ದೋಟಿಗೆ ಒಂದು ಜಾಗ ಇತ್ತು. ಜಗಲಿಯ ಮಾಡಿನ ಕೆಳಗೆ, ಪಕಾಸಿಗೆ ಕಟ್ಟಿದ ಮೂರು ಹಗ್ಗದ ಕುಣಿಕೆ. ಅದರಲ್ಲಿ ದೋಟಿ ಉದ್ದಕ್ಕೆ ಮಲಗಿರುತ್ತಿತ್ತು. ಮಳೆ ಬೀಳುವುದಿಲ್ಲ, ಬಿಸಿಲು ತಾಗುವುದಿಲ್ಲ, ಯಾರ ತಲೆಗೂ ತಾಗುವುದಿಲ್ಲ. ಕೆಲಸ ಇದ್ದಾಗ ಮಾತ್ರ ಅದು ಎದ್ದು ನಿಲ್ಲುತ್ತಿತ್ತು.

ನಾನು ದೋಣಿಯಲ್ಲಿ ಮಾಡಿದ್ದು ಈ ಎರಡನ್ನೂ ಒಂದೇ ಜಾಗದಲ್ಲಿ ಮಾಡುವ ತಪ್ಪು. ಕೋಲು ಕೆಲಸ ಮಾಡುವ ಜಾಗವನ್ನೇ ಮಲಗುವ ಜಾಗ ಮಾಡಿದ್ದೆ. ಮೀನಿಗೆ ಕಾಯುವ ಕೋಲು ಓರೆಯಾಗಿ ಹೊರಗೆ ಚಾಚಬೇಕು, ಗಟ್ಟಿಯಾಗಿ ಕಚ್ಚಿಕೊಂಡಿರಬೇಕು, ಒಂದೇ ಸಲಕ್ಕೆ ಕೈಗೆ ಬರಬೇಕು. ಪ್ರಯಾಣ ಮಾಡುವ ಕೋಲು ಮಲಗಿರಬೇಕು, ತುದಿ ಮುಚ್ಚಿರಬೇಕು, ಮರೆತರೂ ನಡೆಯಬೇಕು. ನನ್ನ ಪೈಪು ಈ ಎರಡಕ್ಕೂ ಆಗಲಿಲ್ಲ. ನಿಂತ ಕೋಲು ದೋಣಿಯ ಭಾರವನ್ನು ಮೇಲಕ್ಕೆ ಏರಿಸುತ್ತದೆ ಅನ್ನುವುದು ಬೇರೆ. ದೊಡ್ಡ ಬೋಟಿಗೆ ಅದು ಲೆಕ್ಕಕ್ಕಿಲ್ಲ. ಒಬ್ಬರು ಎದ್ದು ನಿಂತರೆ ಓಲಾಡುವ ನಮ್ಮ ದೋಣಿಗೆ ರೀಲ್ ಹೊತ್ತ ನಾಲ್ಕು ಕೋಲು ಗೊತ್ತಾಗುತ್ತದೆ.

ನೀರಿಲ್ಲದ ದೋಣಿ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ನಮ್ಮದು 10 ಅಶ್ವಶಕ್ತಿಯ ಒಳಗಿನ ಎಂಜಿನ್, ಆ ನಿಯಮ ತಾಗುವುದಿಲ್ಲ. ಆದರೆ ಮಳೆಗಾಲದ ಅಳಿವೆಗೆ ದೋಣಿ ತರುವ ಧೈರ್ಯ ನನಗಿಲ್ಲ. ಹಾಗಾಗಿ ದೋಣಿ ತೆಂಗಿನ ತೋಟದಲ್ಲಿ ಎರಡು ಟಯರಿನ ಮೇಲೆ ಕೂತಿರುತ್ತದೆ. ಮಳೆ ಬಿಟ್ಟ ಒಂದು ಮಧ್ಯಾಹ್ನ ನಾನು ಮತ್ತು ಭಾವ ಸೀಮೆಸುಣ್ಣ ಹಿಡಿದು ಅದರೊಳಗೆ ಹತ್ತಿ ಕೂತೆವು. ಅವರು ಅವರ ಜಾಗದಲ್ಲಿ, ನಾನು ಎಂಜಿನ್ ಹಿಡಿಯುವ ಜಾಗದಲ್ಲಿ, ಮಗಳು ಮುಂದೆ. ಕೈಯಲ್ಲಿ ಕೋಲು. ಗಾಳ ಎಸೆದ ಹಾಗೆ ಮಾಡುವುದು, ಮೀನು ಬಿದ್ದ ಹಾಗೆ ಮಾಡುವುದು, ಜಾಗ ಬದಲಿಸುವುದು. ಯಾರ ಮೊಣಕೈ ಎಲ್ಲಿಗೆ ಹೋಗುತ್ತದೆ, ಕಾಲು ಎಲ್ಲಿ ಊರುತ್ತದೆ ಅಂತ ಗುರುತು ಹಾಕುತ್ತಾ ಹೋದೆವು.

ಬೇಲಿಯ ಆಚೆ ಸೈಕಲ್ ನಿಂತಿತು. "ಹ್ವಾಯ್, ನೀರಿಲ್ದೇ ಮೀನ್ ಸಿಕ್ತಾ ಮರ್ರೆ?"

"ಸಿಕ್ರೆ ಹೇಳ್ತ್," ಅಂದರು ಭಾವ, ಕೋಲು ಇಳಿಸದೆ.

ನಗೆಪಾಟಲಾದರೂ ಅವತ್ತು ಕಲಿತಷ್ಟು ನೀರಿನ ಮೇಲೆ ಒಂದು ವರ್ಷದಲ್ಲಿ ಕಲಿತಿರಲಿಲ್ಲ. ಮೊದಲನೆಯದು, ಭಾವ ಎಡಗೈಯವರು. ಹನ್ನೆರಡು ವರ್ಷದ ನೆಂಟಸ್ತಿಕೆ, ಒಟ್ಟಿಗೆ ಎಷ್ಟು ಊಟ ಮಾಡಿದ್ದೇವೆ! ಊಟ ಬಲಗೈಯಲ್ಲೇ ಮಾಡುತ್ತಾರೆ, ಅದಕ್ಕೇ ನನಗೆ ಗೊತ್ತಾಗಿರಲಿಲ್ಲ. ಅವರ ಬಲಕ್ಕೆ ನಾನು ಇಟ್ಟ ಪೈಪಿಗೆ ಅವರು ಪ್ರತಿ ಸಲ ಮೈ ಪೂರ್ತಿ ತಿರುಗಿಸುತ್ತಿದ್ದರು. ಆ ತಿರುಗುವಿಕೆಯಲ್ಲೇ ಮೊದಲ ಕೋಲಿನ ತುದಿ ಅವರ ಕಾಲಿನ ಕೆಳಗೆ ಬಂದದ್ದು. ಅವರು ಹೇಳಿರಲಿಲ್ಲ. ತಂಗಿಯ ಗಂಡನ ದೋಣಿ, ಹೇಳುವುದು ಹೇಗೆ ಅಂತ ಸುಮ್ಮನಿದ್ದರಂತೆ. ಎರಡನೆಯದು, ದೋಣಿಯ ಮೂತಿಯ ಕಡೆ ಯಾರೂ ಕಾಲಿಡುವುದೇ ಇಲ್ಲ. ಅಲ್ಲಿ ಅದು ಕಿರಿದಾಗುತ್ತದೆ. ಮನುಷ್ಯರಿಗೆ ಬೇಡದ ಆ ಕಿರಿದು ಜಾಗ ಕೋಲಿನ ತುದಿಗೆ ಹೇಳಿ ಮಾಡಿಸಿದ ಹಾಗಿತ್ತು.

ಹಾಗೆ ಮಲಗುವ ಜಾಗ ತೀರ್ಮಾನವಾಯಿತು. ಎರಡೂ ಬದಿ ಅಂಚಿನ ಕೆಳಗೆ, ಒಳಗಡೆ, ಎರಡೆರಡು ಕೋಲು ಉದ್ದಕ್ಕೆ. ರೀಲ್ ನಮ್ಮ ಕಡೆ, ತುದಿ ಮೂತಿಯ ಕಡೆ. ಹಲಸಿನ ಮರದ ತುಂಡಿನಲ್ಲಿ ಅರ್ಧಚಂದ್ರದ ಹಾಗೆ ಕೊರೆದು, ಹಳೆಯ ಯೋಗ ಮ್ಯಾಟ್ ತುಂಡು ಅಂಟಿಸಿ, ಮೇಲೆ ಸೈಕಲ್ ಕ್ಯಾರಿಯರಿನ ರಬ್ಬರ್ ಹಾಕಿದೆವು. ತುದಿಗಳು ಮುಂದೆ ಒಂದು ಪೈಪಿನೊಳಗೆ ಹೋಗುತ್ತವೆ. ಅದೇ ಹಳೆಯ ಪೈಪು! ಅದರ ಸರಿಯಾದ ಕೆಲಸ ಇದಾಗಿತ್ತು. ಪೈಪಿನ ಎರಡೂ ಬಾಯಿ ತೆರೆದಿರಬೇಕು. ಒಂದು ಬದಿ ಮುಚ್ಚಿದರೆ ಉಪ್ಪುನೀರು ಒಳಗೇ ನಿಂತು ಉಂಗುರಗಳಿಗೆ ತುಕ್ಕು ಹಿಡಿಯುತ್ತದೆ.

ತೂತು

ಕೆಲಸದ ಜಾಗಕ್ಕೆ ಮಾತ್ರ ದೋಣಿಗೆ ತೂತು ಕೊರೆಯಲೇಬೇಕಿತ್ತು. ಅಂಚಿನೊಳಗೆ ಇಳಿದು ಕೂರುವ ಸ್ಟೀಲಿನ ಹೋಲ್ಡರ್ ತರಿಸಿದ್ದೆ. ಕೊಳವೆಯ ಒಳಗಿನ ಅಗಲ ಸುಮಾರು 40 ಮಿಲಿಮೀಟರ್, ತಳದಲ್ಲಿ ಅಡ್ಡಕ್ಕೆ ಒಂದು ಕಡ್ಡಿ. ಕೋಲಿನ ಬುಡದ ಸೀಳು ಆ ಕಡ್ಡಿಗೆ ಕೂತರೆ ಕೋಲು ತಿರುಗುವುದಿಲ್ಲ. ಇವು ನೆಟ್ಟಗೆ ಇರುವವು, 15 ಡಿಗ್ರಿ ಓರೆ, 30 ಡಿಗ್ರಿ ಓರೆ ಹೀಗೆ ಸಿಗುತ್ತವೆ. ಎಳೆದುಕೊಂಡು ಹೋಗುವ ಗಾಳಕ್ಕೆ 30 ಒಳ್ಳೆಯದು, ಎರಡು ನೂಲು ಒಂದಕ್ಕೊಂದು ಸುತ್ತಿಕೊಳ್ಳುವುದಿಲ್ಲ. ಸ್ಟೀಲು ಕೊಳ್ಳುವಾಗ 316 ದರ್ಜೆಯದು ಅಂತ ಕೇಳಿ ಕೊಳ್ಳಿ. 304 ಅನ್ನುವುದು ಅಡುಗೆಮನೆಗೆ ಸರಿ. ಕಡಲ ಗಾಳಿಗೆ ಅದು ಬೇಗ ಚಹಾದ ಕಲೆಯ ಬಣ್ಣಕ್ಕೆ ತಿರುಗುತ್ತದೆ. ಎರಡೂ ನೋಡಲು ಒಂದೇ ಥರ, ಆಯಸ್ಕಾಂತ ಹಿಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ನನ್ನ ಮೊದಲ ಜೋಡಿ ಯಾವುದು ಅಂತ ಆರು ತಿಂಗಳಲ್ಲಿ ಗೊತ್ತಾಯಿತು.

ಫೈಬರ್ ಕೆಲಸದವರು ಬಂದು ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರು. ಮೇಲಿರುವ ಫೈಬರ್ ಬರೀ ಚರ್ಮ, ಒಳಗೆ ಮರ ಇದೆ ಅಂದರು. ತೂತು ಮಾಡಿದರೆ ಆ ಮರದ ಅಂಚು ತೆರೆದುಕೊಳ್ಳುತ್ತದೆ. ನೀರು ಒಂದು ಸಲ ಒಳಗೆ ಹೊಕ್ಕರೆ ಅದು ಹೊರಗೆ ಬರುವುದಿಲ್ಲ, ಮರ ಒಳಗಿಂದಲೇ ಕೊಳೆಯುತ್ತದೆ, ಮೇಲೆ ಹೊಳಪು ಹಾಗೇ ಇರುತ್ತದೆ. ಹಾಗಾಗಿ ಮೊದಲು ಟೇಪು ಅಂಟಿಸಿ, ಗುಂಡು ಗರಗಸವನ್ನು ಸ್ವಲ್ಪ ಹೊತ್ತು ಉಲ್ಟಾ ತಿರುಗಿಸಿ ಮೇಲಿನ ಹೊಳಪಿನ ಪದರದಲ್ಲಿ ಗೆರೆ ಮಾಡಿಕೊಂಡರು. ಆಗ ಅದು ಚಕ್ಕೆ ಏಳುವುದಿಲ್ಲ. ಕೊರೆದ ಮೇಲೆ ಮರದ ಅಂಚಿಗೆ ರೆಸಿನ್ ಕುಡಿಸಿ ಒಂದು ದಿನ ಒಣಗಲು ಬಿಟ್ಟರು. ಮರುದಿನ ಸೀಲೆಂಟ್ ಹಾಕಿ ಹೋಲ್ಡರ್ ಕೂರಿಸಿದರು. ಸ್ಕ್ರೂ ಸಾಲದು, ಬೋಲ್ಟೇ ಬೇಕು, ಕೆಳಗೆ ಒಂದು ಅಗಲ ತಗಡು ಕೊಡಬೇಕು ಅಂತ ಹಟ ಹಿಡಿದರು. ದೋಟಿಯ ತುದಿಯಲ್ಲಿ ಒಂದು ಎಳನೀರು ಸಿಕ್ಕಿದಾಗ ಬುಡ ಹಿಡಿದ ಕೈಗೆ ಎಷ್ಟು ಭಾರ ಬರುತ್ತದೆ ಗೊತ್ತಲ್ವಾ? ಲೆಕ್ಕ ಅದೇ. ಆರಡಿ ಆಚೆ ಮೂರು ಕಿಲೋ ಎಳೆತ, ಹಿಡಿದಿರುವುದು ಒಂದಡಿ ಕೊಳವೆ. ಬರೀ ಸ್ಕ್ರೂ ಆದರೆ ಫೈಬರಿನಿಂದ ಹಲ್ಲು ಕಿತ್ತ ಹಾಗೆ ಎದ್ದು ಬರುತ್ತದೆ.

ಡ್ರ್ಯಾಗ್ ಈಗ ಕೈಯಂದಾಜಿನಲ್ಲಿ ಬಿಡುವುದಿಲ್ಲ. ಮೀನು ತೂಗುವ ಸ್ಪ್ರಿಂಗ್ ತಕ್ಕಡಿಗೆ ನೂಲು ಕಟ್ಟಿ ಎಳೆದು ನೋಡುತ್ತೇನೆ. ನೂಲು ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಬಿಚ್ಚಿಕೊಳ್ಳಬೇಕು. ಇದರ ಮೇಲೆ ಒಂದೊಂದು ರೀಲಿಗೂ ಒಂದು ದಾರ, ಇನ್ನೊಂದು ತುದಿ ದೋಣಿಗೆ. ಕರುವಿಗೆ ಕಟ್ಟಿದ ಹಾಗೆ ಕಾಣುತ್ತದೆ, ಕಾಣಲಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು, ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ, ಹಿಂದಿನ ಜಗಲಿಯ ಮಾಡಿನ ಕೆಳಗೆ ಮೂರು ಕುಣಿಕೆಯಲ್ಲಿ ಮಲಗಿಸುತ್ತೇನೆ.

ಎಲ್ಲ ಸರಿಯಾಯಿತು ಅಂತಲ್ಲ. ಎರಡು ಹೋಲ್ಡರ್ ಹಿಂದೆ, ಎರಡು ಮಧ್ಯದಲ್ಲಿ, ಅಷ್ಟೇ ಸಾಕಿತ್ತು. ಕೆಲಸದವರು ಬಂದಿದ್ದಾರೆ, ಯಂತ್ರ ಇದೆ, ಇನ್ನೊಂದು ಇರಲಿ ಅಂತ ನಾನೇ ಐದನೆಯದನ್ನು ಭಾವನ ಎಡಗೈಯ ಹತ್ತಿರ ಮುಂದಕ್ಕೆ ಹಾಕಿಸಿದೆ. ಅವರಿಗೆ ಮಾಡಿದ್ದ ಅನ್ಯಾಯಕ್ಕೆ ಪರಿಹಾರ ಅಂದುಕೊಳ್ಳಿ. ಸೀಮೆಸುಣ್ಣದ ದಿನ ಮೇಲಿನ ಜಾಗ ಮಾತ್ರ ನೋಡಿದ್ದೆವು. ಕೊಳವೆ ಕೆಳಗೆ ಒಂದು ಗೇಣು ಇಳಿಯುತ್ತದೆ ಅಂತ ಯೋಚಿಸಿರಲಿಲ್ಲ. ಅದು ಸರಿಯಾಗಿ ಭಾವನ ಮೊಣಕಾಲಿಗೆ ಬಂತು. ಮೊದಲ ಭಾನುವಾರ ಮೂರು ಸಲ ತಾಗಿತು. ಈ ಸಲ ಅವರು ಸುಮ್ಮನಿರಲಿಲ್ಲ.

ಕೊಳವೆ ತೆಗೆದು ಗಿಡ್ಡ ಮಾಡಿಸಿದೆವು. ಅದರಲ್ಲಿ ಈಗ ಕೋಲು ನಿಲ್ಲುವುದಿಲ್ಲ. ಮಗಳ ಕೊಡೆ ನಿಲ್ಲುತ್ತದೆ. ಹತ್ತು ಗಂಟೆಯ ಬಿಸಿಲಿಗೆ ಭಾವ ಕೋಲು ಮಲಗಿಸಿ ಆ ಕೊಡೆಯ ನೆರಳಿಗೆ ಸರಿಯುತ್ತಾರೆ, ಅಡ್ಡಹಲಗೆಯ ಕೆಳಗಿನಿಂದ ನೂಲು ಸುತ್ತಿದ ಒಂದು ಬಾಟಲಿ ತೆಗೆಯುತ್ತಾರೆ. ಅದು ಅಲ್ಲಿಗೆ ಯಾವಾಗ ಬಂತೋ ನನಗೆ ಗೊತ್ತಿಲ್ಲ. ಕಳೆದ ಭಾನುವಾರ ಅದರಲ್ಲಿ ಹನ್ನೊಂದು ಕಾಣೆ ಹಿಡಿದರು.